ಇಂದಾಪುರದ ಕೈ

ನನ್ನ ಬಲಗೈಗೆ ಒಂದು ಲಕ್ಷ ಇಪ್ಪತ್ತು ಸಾವಿರ ರೂಪಾಯಿ ಬೆಲೆ ಕಟ್ಟಿದ ದಿನ ನಾನು ಅದೇ ಬಲಗೈಯಲ್ಲಿ ಬದನೆಕಾಯಿ ಹೆಚ್ಚುತ್ತಿದ್ದೆ. ಬೆಲೆ ಕೈಗಲ್ಲ, ಕೈಯ ಫೋಟೋಗೆ. ಅದೂ ಇಡೀ ಕೈಯಲ್ಲ, ಮೊಣಕೈಯಿಂದ ಈಚೆ ಅಷ್ಟೇ. ಕೇಳಿದ ಕೂಡಲೇ ನಕ್ಕುಬಿಟ್ಟೆ. ಬೆಲೆ ಹೇಳಿದ ಹುಡುಗಿ ಮಾತ್ರ ನಗಲಿಲ್ಲ. ಆಗ ನನಗೆ ಸ್ವಲ್ಪ ಹೆದರಿಕೆಯಾಯಿತು.

ಹುಡುಗಿಯ ಹೆಸರು ಕೇತಕಿ. ಕೋರೆಗಾಂವ ಪಾರ್ಕಿನ ಕಡೆ ಒಂದು ಆರ್ಟ್ ಗ್ಯಾಲರಿಯಲ್ಲಿ ಕೆಲಸ ಮಾಡುತ್ತಾಳೆ. ಅವಳ ಅಜ್ಜ ಸಿದ್ರಾಮಪ್ಪನವರೂ ನನ್ನ ಗಂಡ ಪಂಢರಿನಾಥರೂ ಖಡಕಿಯ ಆರ್ಡನನ್ಸ್ ಫ್ಯಾಕ್ಟರಿಯಲ್ಲಿ, ಎಂದರೆ ಮದ್ದುಗುಂಡಿನ ಕಾರಖಾನೆಯಲ್ಲಿ, ಒಟ್ಟಿಗೆ ದುಡಿದವರು. ಇವರದು ಅಲ್ಲಿ ಫೋಟೋ ವಿಭಾಗ. ಮುರಿದ ಗಿಯರು, ಸೀಳು ಬಿಟ್ಟ ಕೊಳವೆ, ಇಂಥವುಗಳ ಫೋಟೋ ತೆಗೆದು ಸಾಹೇಬರ ಮೇಜಿಗೆ ಕಳಿಸುವುದು ಕೆಲಸ. ವಾರವಿಡೀ ಮುರಿದದ್ದನ್ನು ನೋಡಿ ನೋಡಿ, ರಜೆಯ ದಿನ ಸ್ವಂತ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಊರೆಲ್ಲ ತಿರುಗುತ್ತಿದ್ದರು. ತೆಗೆದ ಫೋಟೋಗಳನ್ನು ಯಾರಿಗೂ ತೋರಿಸುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ.

ಕೇತಕಿ ಬಂದದ್ದು ಅಜ್ಜನ ಹುಟ್ಟುಹಬ್ಬಕ್ಕೆ ಅಜ್ಜನ ಹಳೆಯ ಫೋಟೋ ಇದೆಯೇ ಎಂದು ಕೇಳಲಿಕ್ಕೆ. ಇವರ ನೆಗೆಟಿವ್‌ಗಳನ್ನು ಬೆಳಕಿಗೆ ಹಿಡಿದು ನೋಡುತ್ತ ಕೂತವಳು ಸಂಜೆಯವರೆಗೆ ಏಳಲಿಲ್ಲ. ಅಜ್ಜನನ್ನು ಮರೆತೇಬಿಟ್ಟಳು. ಮುಂದಿನ ವಾರ ಮತ್ತೆ ಬಂದು, ಕಾಕಾನ ಫೋಟೋಗಳ ಪ್ರದರ್ಶನ ಮಾಡೋಣ, ನಡುಗೋಡೆಗೆ ಈ ಕೈಯನ್ನೇ ಹಾಕೋಣ ಎಂದಳು.

ಆ ಕೈಯ ಕಥೆ ಇಷ್ಟೇ. ನಮ್ಮ ಮದುವೆಯಾದ ಹೊಸದು. ವಿಜಾಪುರದಿಂದ ಪುಣೆಗೆ ಎಸ್‌ಟಿ ಬಸ್ಸಿನಲ್ಲಿ ಬರುತ್ತಿದ್ದೆವು. ನಾನು ಕಿಟಕಿಯ ಬದಿ, ಪಕ್ಕದಲ್ಲಿ ನಮ್ಮತ್ತೆ ಕಾಶವ್ವ, ಹಿಂದಿನ ಸೀಟಿನಲ್ಲಿ ಇವರು. ಇಂದಾಪುರದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಇವರು ಇಳಿದು ಒಂದು ಕಬ್ಬು ಕೊಂಡು ಕಿಟಕಿಯಿಂದ ನನಗೆ ಕೊಟ್ಟರು. ನಾನು ಕೈ ಚಾಚಿದೆ. ಒಂದು ಕೈಯಲ್ಲಿ ಕಬ್ಬು ಕೊಡುತ್ತ ಇನ್ನೊಂದು ಕೈಯಲ್ಲಿ ಕ್ಯಾಮೆರಾ ಒತ್ತಿಬಿಟ್ಟಿದ್ದಾರೆ, ಮಹಾರಾಯರು! ಧೂಳು ಮೆತ್ತಿದ ಬಸ್ಸು, ಕತ್ತಲೆ ಕಿಟಕಿ, ಅದರಿಂದ ಹೊರಗೆ ಬಂದ ಕೈ, ಕೈತುಂಬ ಮದುವೆಯ ಬಳೆ, ಹಿಡಿಯಲ್ಲಿ ಕಬ್ಬು. ನನ್ನ ಮುಖ ಇಲ್ಲವೇ ಇಲ್ಲ. ಮುಖ ಇಲ್ಲದ್ದು ಯಾತರ ಫೋಟೋ ಎಂದು ನಾನು ಆಗಲೇ ಜಗಳ ಆಡಿದ್ದೆ.

"ಇಷ್ಟಗಲ ಕಾಗದಕ್ಕ ಒಂದು ಲಕ್ಷ ಇಪ್ಪತ್ತು ಸಾವಿರ? ಬಂಗಾರದ ಕಾಗದೇನ ಅದು?" ಎಂದು ಕೇಳಿದೆ.

"ಕಾಗದಕ್ಕಲ್ಲರಿ ಕಾಕೂ," ಎಂದಳು ಕೇತಕಿ. ಮನೆಯಲ್ಲಿ ಬೆಳಗಾವಿ ಕನ್ನಡ ಆಡಿ ಬೆಳೆದ ಹುಡುಗಿ, ನನ್ನ ಜೊತೆ ಮರಾಠಿ ಆಡುವುದಿಲ್ಲ. "ಫೋಟೋದ ತ್ರಾಸ ಏನಂದ್ರ, ಒಂದು ನೆಗೆಟಿವ್ ಇದ್ದರ ಸಾವಿರ ಪ್ರಿಂಟ್ ತಗೀಬಹುದು. ಸಾವಿರ ಇದ್ದರ ಯಾರು ಕೊಳ್ತಾರ? ಅದಕ್ಕ ಬರೇ ಐದ ತಗೀತೀವಿ. ಕಾಕಾ ಹಿಂದ ನಂಬರ್ ಹಾಕಿ ಸಹಿ ಮಾಡ್ತಾರ. ಆರನೇದು ಎಂದೂ ಬರಂಗಿಲ್ಲ ಅಂತ ಮಾತು ಕೊಡ್ತಾರ. ತಗೊಳ್ಳಾವ್ರು ರೊಕ್ಕ ಕೊಡೂದು ಆ ಮಾತಿಗೆ."

"ಅಂದ್ರ ಇಲ್ಲದ್ದಕ್ಕ ರೊಕ್ಕ ಕೊಡ್ತಾರ ಅನ್ನು."

"ಹಂಗ ಅನ್ರಿ. ಮೊದಲನೇದು ಒಂದು ಲಕ್ಷ ಇಪ್ಪತ್ತು. ಎರಡು-ಮೂರು ಹೋದ ಮ್ಯಾಲೆ ರೇಟ್ ಏರ್ತದ. ಕಡೀದು ಎರಡು ಲಕ್ಷಕ್ಕ ಹೋದೀತು."

"ಛಲೋ ಅದ ನಿಮ್ಮ ಬಜಾರ! ನಮ್ಮ ಕಾಯಿಪಲ್ಲೆ ಸಂತ್ಯಾಗ ಕಡೀ ಪೆಂಡಿ ಮೆಂತ್ಯ ಅರ್ಧ ರೇಟಿಗೆ ಕೊಡ್ತಾರ," ಎಂದೆ.

ಕೇತಕಿ ನಕ್ಕಳು. ಇವರು ಮಾತ್ರ ನಗಲಿಲ್ಲ, ಗೋಡೆ ನೋಡುತ್ತ ಕೂತಿದ್ದರು. ಆಗ ನನಗೆ ತಿಳಿಯಿತು, ಈ ಮನುಷ್ಯನಿಗೆ ಲಕ್ಷದ ಮಾತು ಕಿವಿಗೇ ಬಿದ್ದಿಲ್ಲ. ನಡುಗೋಡೆ ಎನ್ನುವ ಶಬ್ದ ಬಿದ್ದಿದೆ ಅಷ್ಟೇ. ತಾನು ತೆಗೆದ ಫೋಟೋ ಒಂದು ಗೋಡೆಯ ಮೇಲೆ ಇರಬೇಕು, ಗುರುತಿಲ್ಲದವರು ಬಂದು ಅದರ ಮುಂದೆ ನಿಲ್ಲಬೇಕು. ಇಷ್ಟು ವರ್ಷ ಬಾಯಿಬಿಟ್ಟು ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಆಸೆ ಅದು. ನನಗೆ ಪಾಪ ಅನ್ನಿಸಿತು. ಆಗಲಿ ಬಿಡು, ಇವರ ಹಣೆಬರಹದಲ್ಲೂ ಒಂದು ಗೋಡೆ ಇರಲಿ ಎಂದುಕೊಂಡೆ.

ಮೊದಲನೆಯ ಪ್ರಿಂಟಿಗೆ ಗಿರಾಕಿಯೂ ಸಿಕ್ಕಿದ್ದರು. ಶಿವರಾಜ ಎಂದು, ಬೆಳಗಾವಿಯಲ್ಲಿ ಎರಕದ ಕಾರಖಾನೆ, ಪುಣೆಯಲ್ಲಿ ಮನೆ. ಫೋಟೋ ಕೂಡಿಸುವ ಹುಚ್ಚು. ಅವರಂಥವರು ಒಂದು ಕೊಂಡರೆಂದರೆ ಉಳಿದವರೂ ನಂಬುತ್ತಾರೆ, ಅದಕ್ಕೇ ಗ್ಯಾಲರಿಯ ಮಾಲಕರು ಇಡೀ ಪ್ರದರ್ಶನಕ್ಕೆ ಒಪ್ಪಿದ್ದಾರೆ ಎಂದು ಕೇತಕಿ ಹೇಳಿದಳು. ಶಿವರಾಜರು ಕೇಳಿದ್ದು ಒಂದೇ ಮಾತಂತೆ, ಹಳೆಯ ಪ್ರಿಂಟ್ ಏನಾದರೂ ಉಳಿದಿವೆಯೇ ಎಂದು. ಯಾವುದೂ ಇಲ್ಲ ಎಂದು ಇವರು ಹೇಳಿದರು. ಸುಳ್ಳು ಹೇಳಲಿಲ್ಲ, ಇಲ್ಲವೆಂದೇ ತಿಳಿದಿದ್ದರು.

ಇನ್ನು ಸಂಕ್ರಾಂತಿಯ ವಿಷಯಕ್ಕೆ ಬರುತ್ತೇನೆ. ಪುಣೆಯಲ್ಲಿ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಮನೆಮನೆಯಲ್ಲೂ ಅರಿಶಿನ-ಕುಂಕುಮ. ಬಂದ ಮುತ್ತೈದೆಯರಿಗೆ ಎಳ್ಳು-ಬೆಲ್ಲದ ಜೊತೆ ಏನಾದರೂ ಒಂದು ವಸ್ತು ಕೊಡಬೇಕು. ಅದಕ್ಕೆ ಇಲ್ಲಿ ವಾಣ ಎನ್ನುತ್ತಾರೆ. ಕೋಥರೂಡದ ನಮ್ಮ ಸೊಸೈಟಿಯಲ್ಲಿ ವಾಣವೆಂದರೆ ಪೈಪೋಟಿ. ಒಬ್ಬಳು ಚಹಾದ ಜಾಲರಿ ಕೊಟ್ಟರೆ ಇನ್ನೊಬ್ಬಳು ಸ್ಟೀಲಿನ ಚಮಚ. ಮಗದೊಬ್ಬಳು ಪ್ಲಾಸ್ಟಿಕ್ ಡಬ್ಬಿ. ನನ್ನ ಅಡುಗೆಮನೆಯಲ್ಲಿ ವಾಣದ ಡಬ್ಬಿ ಇಡಲು ಇನ್ನೊಂದು ಅಡುಗೆಮನೆ ಬೇಕು. ಈ ವರ್ಷ ಯಾರೂ ಕೊಡದ್ದನ್ನು ಕೊಡಬೇಕು ಎಂದು ನನಗೆ ಹಟ.

ಹಬ್ಬಕ್ಕೆಂದು ಮನೆ ಜಾಡಿಸುವಾಗ ಅಟ್ಟದಿಂದ ಫೋಟೋ ಕಾಗದದ ಒಂದು ಹಳೆಯ ಡಬ್ಬಿ ಬಿತ್ತು. ಒಳಗೆ ನೋಡಿದರೆ ಅದೇ ಕೈ! ಒಂದಲ್ಲ, ಎರಡಲ್ಲ, ಇಪ್ಪತ್ತೆರಡು. ನೆನಪಾಯಿತು. ಖಡಕಿಯ ಕ್ವಾರ್ಟರಿನಲ್ಲಿ ಮದುವೆಯಾದ ಹೊಸದರಲ್ಲಿ ಬಚ್ಚಲುಮನೆಗೆ ಕೆಂಪು ಬಲ್ಬು ಹಾಕಿ, ಬಕೆಟ್ಟು ತಂಬಿಗೆ ಎಲ್ಲ ಹೊರಗಿಟ್ಟು, ಇವರು ದಿನಗಟ್ಟಲೆ ಇದನ್ನೇ ತೆಗೆದಿದ್ದರು. ಸ್ನಾನಕ್ಕೆ ಜಾಗವಿಲ್ಲ ಎಂದು ಅತ್ತೆ ಕೂಗಾಡುತ್ತಿದ್ದರು. ಇವರು ಒಂದು ತೆಗೆಯುವುದು, ನೋಡುವುದು, ಚ್ಚು ಎನ್ನುವುದು, ಮತ್ತೊಂದು ತೆಗೆಯುವುದು.

"ಏನ್ರಿ, ಈ ಡಬ್ಬಿ ಏನ ಮಾಡ್ಲಿ?" ಎಂದು ಕೂಗಿದೆ.

"ಕೆಟ್ಟಿದ್ದ ಪ್ರಿಂಟ್ ಅವು. ರದ್ದಿಗೆ ಹಾಕು," ಎಂದರು, ಪೇಪರಿನಿಂದ ತಲೆ ಎತ್ತದೆ.

ಈಗ ನೀವೇ ಹೇಳಿ. ಕಬ್ಬು ಇದೆ, ಮುತ್ತೈದೆಯ ಕೈ ಇದೆ, ಕೈತುಂಬ ಬಳೆ ಇದೆ. ಸಂಕ್ರಾಂತಿಯ ವಾಣಕ್ಕೆ ಇದಕ್ಕಿಂತ ಒಳ್ಳೆಯದು ಯಾವುದಿದೆ? ತುಳಶಿಬಾಗ ಪೇಟೆಗೆ ಹೋಗಿ ಕರಿಯ ಅಂಚಿನ ಫ್ರೇಮು ಚೌಕಾಸಿ ಮಾಡಿ ತಂದೆ. ಗ್ಯಾಲರಿಯ ಐದು ಎನ್ನುವುದು ನನ್ನ ತಲೆಗೆ ಬರಲೇ ಇಲ್ಲ. ಅವು ಕೈಗೆ ಬಿಳಿ ಗ್ಲೌಸು ಹಾಕಿ ಮುಟ್ಟುವಂಥವು, ಇವು ರದ್ದಿಗೆ ಹೋಗುವಂಥವು. ಅವಕ್ಕೂ ಇವಕ್ಕೂ ಏನು ಸಂಬಂಧ? ಅರಿಶಿನ-ಕುಂಕುಮದ ಸಂಜೆ ಇವರು ಎಂದಿನಂತೆ ಹೆಂಗಸರ ಗದ್ದಲ ಬೇಡವೆಂದು ಖಡಕಿಗೆ, ಸಿದ್ರಾಮಪ್ಪನವರ ಮನೆಗೆ ಹೋದರು. ನಾನು ಎಲ್ಲರಿಗೂ ಕುಂಕುಮ ಹಚ್ಚಿ, ಎಳ್ಳು-ಬೆಲ್ಲ ಕೊಟ್ಟು, ಒಂದೊಂದು ಕೈ ಕೊಟ್ಟೆ. ಯಾರ ಕೈ ಎಂದು ಹೇಳಲಿಲ್ಲ. ನನ್ನದೇ ಎಂದರೆ ಜಂಬ ಅಂದಾರು ಎಂದು ಸುಮ್ಮನಿದ್ದೆ. ಎಲ್ಲರೂ ಭಾರೀ ಹೊಗಳಿದರು. ನನಗೆ ಅವತ್ತು ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ವಾರ ಕಳೆದ ಮೇಲೆ ಕೇತಕಿ ಹೊಸ ಪ್ರಿಂಟುಗಳಿಗೆ ಇವರ ಸಹಿ ಹಾಕಿಸಿಕೊಳ್ಳಲು ಬಂದಳು. ಲಿಫ್ಟು ಕೆಟ್ಟಿತ್ತು, ನಮ್ಮದು ನಾಲ್ಕನೆಯ ಮಹಡಿ. ಹತ್ತಿ ಬಂದವಳ ಮುಖ ನೋಡಿ ನಾನು ನೀರು ತಂದೆ. ನೀರು ಮುಟ್ಟಲಿಲ್ಲ.

"ಕಾಕೂ, ಮೊದಲನೇ ಮಾಳಿಗ್ಯಾಗ ಒಂದು ಮನಿ ಬಾಗಲಾ ತಗದಿತ್ತು. ಚಪ್ಪಲಿ ಸ್ಟ್ಯಾಂಡಿನ ಮ್ಯಾಲೆ ನಮ್ಮ ಫೋಟೋ ಅದ."

"ಹೌದು, ಮಂಜರಿ ಮನಿ."

"ಎರಡನೇ ಮಾಳಿಗ್ಯಾಗ ಟಿವಿ ಬಾಜೂಕ ಅದ."

"ಅದು ಸ್ನೇಹಲ್‌ದು."

"ಮೂರನೇ ಮಾಳಿಗ್ಯಾಗ ದೇವರ ಕೋಣ್ಯಾಗ, ಗಣಪತಿ ಬಾಜೂಕ! ಕಾಕೂ, ಒಟ್ಟ ಎಷ್ಟ ಅವ?"

ಹೆಮ್ಮೆಯಿಂದಲೇ ಹೇಳಿದೆ, ಇಪ್ಪತ್ತೆರಡು ಎಂದು. ಕೇತಕಿ ಸೋಫಾದ ಮೇಲೆ ಕೂತಳು. ಕೂತಳು ಎಂದರೆ ಕುಸಿದಳು. ಆಮೇಲೆ ಅವಳು ಹೇಳಿದ್ದನ್ನು ಕೇಳಿ ನಾನೂ ಕೂತೆ. ಫೋಟೋ ತೆಗೆದ ಕಾಲದಲ್ಲೇ, ತೆಗೆದವನೇ ಸ್ವಂತ ಕೈಯಿಂದ ಮಾಡಿದ ಪ್ರಿಂಟಿಗೆ ಬೆಲೆ ಹೆಚ್ಚಂತೆ. ಅದಕ್ಕೆ ವಿಂಟೇಜ್ ಎನ್ನುತ್ತಾರಂತೆ. ಆ ಕಾಗದ ಈಗ ಸಿಗುವುದಿಲ್ಲ, ಆ ವಯಸ್ಸಿನ ಕೈಯೂ ಸಿಗುವುದಿಲ್ಲ.

"ಒಂದೊಂದಕ್ಕ ಎರಡು-ಮೂರು ಲಕ್ಷ ಬರಬಹುದಾಗಿದ್ದ ಮಾಲು, ಎಳ್ಳು-ಬೆಲ್ಲದ ಜೋಡಿ ಹಂಚೀರಲ್ರಿ ಕಾಕೂ!"

"ಅಯ್ಯ ನನ್ನ ಕರ್ಮ! ಚಹಾದ ಜಾಲರಿ ಕೊಟ್ಟು ಮುಗಸಬೇಕಾಗಿತ್ತು," ಎಂದೆ.

ಇವರು ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದರು. ನಾನು ಜೋರು ಮಾಡಲಿಕ್ಕೆ ತಿರುಗಿದೆ, "ನೀವ ಅಂದೀರಿ ರದ್ದಿಗೆ ಹಾಕು ಅಂತ!" ಎಂದು.

"ಹೌದು, ನಾನ ಅಂದೀನಿ," ಎಂದರು. ಇಷ್ಟು ಸಲೀಸಾಗಿ ಒಪ್ಪಿಕೊಂಡರೆ ಜಗಳ ಹೇಗೆ ಆಡುವುದು?

ಕೇತಕಿ ಮಾಲಕರಿಗೆ ಫೋನು ಮಾಡಿ ಬಂದಳು. ಅವರ ಮಾತು ಖಡಾಖಡಿ. ಹಂಚಿದ್ದನ್ನೆಲ್ಲ ವಾಪಸು ತರಿಸಿ, ಫೋಟೋ ತೆಗೆದವರೇ ಹರಿದು ಹಾಕಬೇಕು, ಹರಿಯುವುದನ್ನು ವಿಡಿಯೋ ಮಾಡಬೇಕು. ಆಗ ಐದು ಎಂದರೆ ಐದೇ. ಇಲ್ಲದಿದ್ದರೆ ಶಿವರಾಜರು ಹಿಂದೆ ಸರಿಯುತ್ತಾರೆ, ಪ್ರದರ್ಶನವೂ ಇಲ್ಲ, ಗೋಡೆಯೂ ಇಲ್ಲ. ಇವರು ಒಳಗೆ ಹೋಗಿ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನಡುಮಧ್ಯಾಹ್ನ ಮಲಗುವ ಮನುಷ್ಯನಲ್ಲ.

ವಾಣ ಕೊಟ್ಟು ವಾಪಸು ಕೇಳುವುದೆಂದರೆ ಏನು ಎಂದು ನಮ್ಮ ಕಡೆಯ ಹೆಂಗಸರಿಗೆ ಬಿಡಿಸಿ ಹೇಳಬೇಕಿಲ್ಲ. ಹಚ್ಚಿದ ಕುಂಕುಮ ಅಳಿಸಿಕೊಡು ಎಂದ ಹಾಗೆ. ಆದರೂ ಸೆರಗು ಸಿಕ್ಕಿಸಿಕೊಂಡು ಹೊರಟೆ. ಗಂಡನ ಗೋಡೆಗಿಂತ ನನ್ನ ಮಾನ ದೊಡ್ಡದೇ?

ಮೊದಲು ಮಂಜರಿ. ಅವಳು ಮರಾಠಿಯವಳು, ಬ್ಯಾಂಕಿನಲ್ಲಿ ಕೆಲಸ. ಕೇಳಿದ ಕೂಡಲೇ "ಅಗ್ಗಬಾಯಿ!" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುವಾಗ ಆ ಕೈ ನೋಡಿದರೆ, ಬಸ್ಸಿನೊಳಗಿಂದ ಯಾರೋ ತನಗೆ ಜಾಗ ಹಿಡಿದು ಕರೆದ ಹಾಗೆ ಅನ್ನಿಸುತ್ತದೆ, ಗದ್ದಲದ ಬಸ್ಸಿನಲ್ಲಿ ದಿನವೂ ನಿಂತು ಹೋಗುವವಳಿಗೆ ಅಷ್ಟೇ ಸಮಾಧಾನ ಎಂದಳು. ಆದರೂ ಮೊಳೆಯಿಂದ ತೆಗೆದು ಕೈಗಿಟ್ಟಳು. ಬರಿಗೈಯಲ್ಲಿ ಕಳಿಸಬಾರದೆಂದು ಮೇಲೊಂದು ಬಟ್ಟಲು ಶೇಂಗಾ ಚಟ್ನಿ ಬೇರೆ.

ಸ್ನೇಹಲ್ ಮನೆಯಲ್ಲಿ ಅತ್ತೆ-ಸೊಸೆಗೆ ಅದೇ ಫೋಟೋದ ಮೇಲೆ ಜಗಳ ನಡೆದಿತ್ತು. ಸೊಲ್ಲಾಪುರದ ಕಡೆಯ ಕನ್ನಡದವರು, ಇಬ್ಬರೂ ಮಾತಿನಲ್ಲಿ ಗಟ್ಟಿ.

"ಬರ್ರಿ ನರ್ಮದಾ ಕಾಕೂ, ನೀವ ಹೇಳ್ರಿ. ಆ ಕೈ ಕಬ್ಬು ತಗೊಳ್ಳಾಕತ್ತದೋ ಕೊಡಾಕತ್ತದೋ? ನಮ್ಮತ್ತಿ ಕೊಡಾಕತ್ತದ ಅಂತಾರ. ಯಾವ ಹೆಣ್ಣಮಗಳು ಕೈಯಾಗ ಬಂದ ಕಬ್ಬು ಹೊರಗ ಕೊಡ್ತಾಳ್ರಿ?"

"ತಗೊಳ್ಳಾಕತ್ತದ," ಎಂದೆ.

"ನಿಮಗ ಹೆಂಗ ಗೊತ್ತು?" ಎಂದು ಅತ್ತೆ ಕಣ್ಣು ಕಿರಿದು ಮಾಡಿದರು. ನಾನು ಏನೋ ಗೊಣಗಿ, ಬಂದ ಕೆಲಸ ಹೇಳಿದೆ. ಇಬ್ಬರೂ ಸುಮ್ಮನಾದರು. ಸ್ನೇಹಲ್ ಮದುವೆಯಾಗಿ ಬಂದಂದಿನಿಂದ ಅವರಿಬ್ಬರೂ ಒಟ್ಟಿಗೆ ಸುಮ್ಮನಾದದ್ದನ್ನು ನಾನು ಕಂಡಿರಲಿಲ್ಲ.

ಮೂರನೆಯ ಮಹಡಿಯ ವಿಶಾಲಮ್ಮನ ಹತ್ತಿರ ಹೋಗಲು ಕಾಲೇ ಬರಲಿಲ್ಲ. ತುಮಕೂರಿನ ಕಡೆಯ ಹಿರಿಯರು, ನನ್ನನ್ನು ತಂಗಿ ಎಂದು ಬಾಯಿತುಂಬ ಕರೆಯುವವರು. ಫೋಟೋದ ಗಾಜಿಗೆ ಅರಿಶಿನ-ಕುಂಕುಮ ಹಚ್ಚಿ ಗಣಪತಿಯ ಪಕ್ಕ ಇಟ್ಟಿದ್ದರು.

"ಏನಮ್ಮಾ ಇದು? ವಾಣ ಕೊಟ್ಟು ವಾಪಸ್ ಕೇಳ್ತಾರಾ? ಬುದ್ಧಿ ನೆಟ್ಟಗಿದೆಯಾ ನಿಂಗೆ?" ಎಂದು ಏರಿಬಂದರು. ನಾನು ಪ್ರದರ್ಶನದ್ದು, ಐದರದ್ದು, ಇವರು ಗೋಡೆಗೆ ಮುಖ ಮಾಡಿ ಮಲಗಿದ್ದು ಎಲ್ಲ ಹೇಳಿದೆ. ಅವರು ಫೋಟೋವನ್ನು ಗಣಪತಿಯ ಹತ್ತಿರಕ್ಕೆ ಇನ್ನಷ್ಟು ಸರಿಸಿ, "ನಿನ್ನ ಕೈಗೆ ಕೊಡಲ್ಲ. ಸಂಜೆ ನಾನೇ ತರ್ತೀನಿ. ನನ್ನ ಕಣ್ಣೆದುರಿಗೇ ಹರೀಲಿ, ನೋಡೋಣ," ಎಂದರು.

ಅವರ ಆ ಮಾತು ಕಟ್ಟಡವೆಲ್ಲ ಹಬ್ಬಿತು. ಸಂಜೆ ಉಳಿದವರೆಲ್ಲ ತಮ್ಮ ತಮ್ಮ ಫ್ರೇಮು ಹಿಡಿದುಕೊಂಡು ನಮ್ಮ ಮನೆಗೇ ಬಂದರು, ಆಗಲೇ ಕೊಟ್ಟಿದ್ದ ಮಂಜರಿಯೂ ಬಂದಳು. ಒಬ್ಬಳ ಫೋಟೋ ಮಾತ್ರ ಸಾಂಗಲಿಯ ತಂಗಿಯ ಮನೆಗೆ ಹೋಗಿಬಿಟ್ಟಿತ್ತು. ಕುರ್ಚಿ ಸಾಲದೆ ಜಮಖಾನೆ ಹಾಸಿದೆ. ಬಂದವರಿಗೆ ಅಭ್ಯಾಸದಿಂದ ಕುಂಕುಮದ ಬಟ್ಟಲು ಹಿಡಿದೆ, ನನ್ನ ಬುದ್ಧಿಗಿಷ್ಟು! ಕೇತಕಿ ಫ್ರೇಮುಗಳನ್ನು ಬಿಚ್ಚಿ ಪ್ರಿಂಟುಗಳನ್ನು ದಿವಾನದ ಮೇಲೆ, ಮೇಜಿನ ಮೇಲೆ, ನೆಲದ ಮೇಲೆ ಸಾಲಾಗಿ ಇಟ್ಟಳು. ಎಲ್ಲಿ ನೋಡಿದರೂ ಕೈ. ಇವರು ಒಳಗಿನಿಂದ ಬಂದು ಬಗ್ಗಿ ಬಗ್ಗಿ ಒಂದೊಂದನ್ನೂ ನೋಡತೊಡಗಿದರು.

"ಕಾಕಾ, ನೀವ ಹರೀಬೇಕ್ರಿ," ಎಂದಳು ಕೇತಕಿ. ಫೋನು ಎತ್ತಿ ಹಿಡಿದಿದ್ದಳು. "ನನಗೂ ಮನಸಿಲ್ಲ. ಆದರ ಬ್ಯಾರೆ ದಾರಿ ಇಲ್ಲ."

ಇವರು ವಿಶಾಲಮ್ಮ ತಂದದ್ದನ್ನು ಎತ್ತಿಕೊಂಡರು. ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿದರು. ಎಷ್ಟು ಹೊತ್ತಾದರೂ ಹರಿಯಲೂ ಇಲ್ಲ, ಕೆಳಗೆ ಇಡಲೂ ಇಲ್ಲ.

"ಇದು ಸರಿ ಬಂದದ," ಎಂದರು ಕೊನೆಗೆ.

"ಏನು ಸರಿ ಬಂದದ?" ಎಂದೆ.

"ಬಳೆ. ಉಳದವುದ್ರಾಗ ಬಳೆ ಎಲ್ಲಾ ಕಿಟಕಿ ಕತ್ತಲಾಗ ಕರಗಿ ಹೋಗ್ಯಾವ. ಇದರಾಗ ಒಂದೊಂದು ಬ್ಯಾರೆಬ್ಯಾರೆ ಕಾಣ್ತಾವ ನೋಡು. ಅವತ್ತ ಸರಿ ಬಂದಿತ್ತು, ನನಗ ದಣಿವಿನ್ಯಾಗ ತಿಳೀಲಿಲ್ಲ. ಇದನ್ನೂ ಕೆಟ್ಟದ್ದು ಅಂತ ಡಬ್ಬಿಗೆ ಹಾಕೀನಿ."

"ಒಂದು ಕೈಗೆ ಇಷ್ಟ ಸಲ ಯಾಕ ತಗದ್ರಿ ಕಾಕಾ?" ಎಂದು ಕೇತಕಿ ಕೇಳಿದಳು. ನಾನು ಕೇಳಬೇಕಾದದ್ದನ್ನು ಆ ಹುಡುಗಿ ಕೇಳಿದಳು.

ಇವರು ಸಭೆಯಲ್ಲಿ ಮಾತಾಡುವವರಲ್ಲ. ಮನೆಯಲ್ಲಿ ಇಬ್ಬರೇ ಇದ್ದರೂ ಹೆಚ್ಚು ಮಾತಾಡುವವರಲ್ಲ. ಅವತ್ತು ಅಷ್ಟು ಹೆಂಗಸರ ಎದುರು, ಫೋಟೋದ ಮೇಲಿಂದ ಕಣ್ಣು ತೆಗೆಯದೆ ಹೇಳಿದರು.

"ಲಗ್ನ ಆಗಿ ನಾಕೇ ದಿನ ಆಗಿತ್ತು. ಮನ್ಯಾಗ ಮಂದಿ ತುಂಬಿತ್ತು, ಬಸ್ಸಿನ್ಯಾಗ ಅವ್ವ ಬಾಜೂಕ ಕೂತಿದ್ದಳು. ಇಕಿ ಮುಖ ನಾ ಇನ್ನೂ ಸರಿಯಾಗಿ ನೋಡಿರಲಿಲ್ಲ. ನೋಡೋ ಧೈರ್ಯ ಇರಲಿಲ್ಲ. ಕಬ್ಬು ಕೊಡುವಾಗ ಕೈ ಅಷ್ಟ ನೋಡಿದೆ. ಭಾಳ ಚಂದ ಕಂಡ್ತು. ಕಂಡದ್ದು ಕಂಡಂಗ ಕಾಗದದ ಮ್ಯಾಲೆ ಬರಬೇಕು ಅನಸ್ತು, ಅದಕ್ಕ ತಗದೇ ತಗದೆ."

ಒಮ್ಮೆಲೇ ಎಲ್ಲರೂ ಮಾತಾಡಿದರು. ವಿಶಾಲಮ್ಮ ನನ್ನ ಬಲಗೈಯನ್ನೇ ಎಳೆದುಕೊಂಡು, "ಅಯ್ಯೋ ಕಳ್ಳಿ! ಇದು ನಿನ್ನ ಕೈಯೇನೇ? ನಾನು ದಿನಾ ಕುಂಕುಮ ಹಚ್ಚಿದ್ದು ಈ ಕೈಗಾ?" ಎಂದರು. ಸ್ನೇಹಲ್ ಅತ್ತೆಯ ಕಡೆ ತಿರುಗಿ, "ನೋಡ್ರಿ, ತಗೊಳ್ಳಾಕತ್ತದ ಅಂತ ನಾ ಹೇಳಿರಲಿಲ್ಲ?" ಎಂದಳು. ಮಂಜರಿಗೆ ಕನ್ನಡ ತಿಳಿಯದು, ಪಕ್ಕದವಳು ಮರಾಠಿಯಲ್ಲಿ ಹೇಳಿದ ಮೇಲೆ ಅವಳು ಕಣ್ಣು ಒರೆಸಿಕೊಂಡಳು.

ನನಗೂ ಅಳು ಬಂತು. ಯಾಕೆ ಮುಚ್ಚಿಡಲಿ, ಸಂತೋಷಕ್ಕೇ ಬಂತು. ಸಂತೋಷ ತಡೆಯಲಾರದೆ ಸಿಟ್ಟೂ ಬಂತು. "ಇಷ್ಟು ವರ್ಷ ಬಾಯಿಗೆ ಏನು ಬಡದಿತ್ತು ನಿಮಗ? ಒಂದು ಸಲಾ ಹೇಳಿದ್ರ ಗಂಟೇನರೆ ಹೋಗ್ತಿತ್ತೇನು?" ಎಂದು ಬೈದೆ. ಇವರು ನಕ್ಕರು.

ನಕ್ಕು ಆ ಪ್ರಿಂಟನ್ನು ವಿಶಾಲಮ್ಮನ ಕೈಗೆ ಕೊಟ್ಟರು. "ನಾ ಹರಿಯಂಗಿಲ್ಲ ಕೇತಕಿ. ಐದ ಅವ ಅಂತ ಮಾತು ಕೊಟ್ಟಿದ್ದೆ, ಆ ಮಾತು ತಪ್ಪೇದ. ತಪ್ಪಿದ್ದನ್ನ ತಪ್ಪೇದ ಅಂತ ಹೇಳೋಣು. ಇವನ್ನ ಹರದು, ಮೊದಲಿಂದ ಇರಲೇ ಇಲ್ಲ ಅನ್ನೂದು ಸುಳ್ಳಾಗ್ತದ. ಇವು ಈ ಬಾಯಂದ್ರವು. ಐದು ಹೊಸವು, ಇಪ್ಪತ್ತೆರಡು ಹಳೇವು, ಎಲ್ಲೆಲ್ಲಿ ಅವ ಎಲ್ಲಾ ಖರೇ ಬರೀರಿ."

"ಪ್ರದರ್ಶನ ಹೋಗಬಹುದು ಕಾಕಾ."

"ಹೋದರ ಹೋಗಲಿ," ಎಂದರು. ಹಾಗೆ ಹೇಳುವಾಗ ದನಿ ಒಡೆಯಿತು. ನನ್ನ ಕಿವಿಗೆ ಅದು ಕೇಳಿಸಿತು, ಉಳಿದವರಿಗೆ ಕೇಳಿಸಿತೋ ಇಲ್ಲವೋ ತಿಳಿಯದು.

ಹೆಂಗಸರು ತಮ್ಮ ತಮ್ಮ ಫ್ರೇಮು ಹುಡುಕಿಕೊಂಡು ಹೊರಟರು. ಯಾರದ್ದು ಯಾವುದು ಎಂದು ಸ್ವಲ್ಪ ಎಳೆದಾಟವೂ ಆಯಿತು. ಕೇತಕಿ ಅಲ್ಲಿಂದಲೇ ಶಿವರಾಜರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಎಲ್ಲ ಕೇಳಿ, ನೋಡೋಣ ಎಂದು ಇಟ್ಟುಬಿಟ್ಟರಂತೆ. ಮುಂದಿನ ಕೆಲವು ದಿನ ನಾನು ದೇವರ ಮುಂದೆ ಗಂಟೆ ಬಾರಿಸಿದ್ದೇ ಬಾರಿಸಿದ್ದು. ಇವರು ಮಾತ್ರ ಹಗುರಾಗಿದ್ದರು. ಪೇಪರು ಓದುತ್ತ ಓದುತ್ತ ನನ್ನ ಕಡೆ ನೋಡುವುದು, ನಾನು ನೋಡಿದರೆ ಪೇಪರಿನಲ್ಲಿ ಮುಖ ಮುಚ್ಚಿಕೊಳ್ಳುವುದು. ಮುದುಕರಾದ ಮೇಲೆ ಹೊಸ ಚಾಳಿ!

ಕೊನೆಗೆ ಸುದ್ದಿ ಬಂತು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಕ್ಕೇ ಶಿವರಾಜರು ಹಿಂದೆ ಸರಿಯಲಿಲ್ಲವಂತೆ, ಪ್ರದರ್ಶನ ಉಳಿಯಿತು. ಆದರೆ ಕೈಯ ಬೆಲೆ ಬಿತ್ತು. ಒಂದು ಲಕ್ಷ ಇಪ್ಪತ್ತು ಸಾವಿರದ್ದು ಅರವತ್ತು ಸಾವಿರ. ಐದು ಮಾತ್ರ ಎನ್ನುವ ಮಾತು ಹೋದ ಮೇಲೆ ಅಷ್ಟೇ ಬರುತ್ತದೆ ಎಂದು ಮಾಲಕರು ಖಾರವಾಗಿ ಹೇಳಿದರಂತೆ. ನನಗೆ ಬೇಸರವೇನೂ ಆಗಲಿಲ್ಲ. ಅರವತ್ತು ದಾಟಿದವಳ ಕೈಗೆ ಅರವತ್ತು ಸಾವಿರ ಸರಿಯಾಗಿಯೇ ಇದೆ ಎಂದು ಇವರಿಗೆ ಹೇಳಿದೆ.

ಪ್ರದರ್ಶನದ ದಿನ ನಮ್ಮ ಕಟ್ಟಡದ ಹೆಂಗಸರೆಲ್ಲ ಒಳ್ಳೆಯ ಸೀರೆ ಉಟ್ಟು, ಸಿಟಿ ಬಸ್ಸು ಹಿಡಿದು ಕೋರೆಗಾಂವ ಪಾರ್ಕಿಗೆ ಬಂದರು. ಹೊಸ ಪ್ರಿಂಟುಗಳು ಪಕ್ಕದ ಗೋಡೆಯ ಮೇಲಿದ್ದವು. ನಡುಗೋಡೆಯ ಮೇಲೆ ಇದ್ದದ್ದು ಒಂದೇ ಒಂದು, ವಿಶಾಲಮ್ಮನದು. ಇವರೇ ಹೋಗಿ ಕೇಳಿ ಕಡ ತಂದಿದ್ದರು. ಗಾಜಿನ ಮೇಲಿನ ಕುಂಕುಮ ಒರೆಸಲು ವಿಶಾಲಮ್ಮ ಬಿಟ್ಟಿರಲಿಲ್ಲ. ಬೆಲೆ ಬರೆಯುವ ಜಾಗದಲ್ಲಿ "ಮಾರಾಟಕ್ಕಿಲ್ಲ. ಒಡತಿ: ವಿಶಾಲಮ್ಮ, ಕೋಥರೂಡ" ಎಂದು ಮೂರು ಭಾಷೆಯಲ್ಲಿ ಬರೆದಿತ್ತು. ಒಡತಿ ಅದರ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಯಾರಾದರೂ ತೀರ ಹತ್ತಿರ ಬಂದರೆ "ದೂರ, ದೂರ" ಎನ್ನುತ್ತಿದ್ದರು. ಗುರುತಿಲ್ಲದ ಜನ ಬಂದು ಅದರ ಮುಂದೆ ನಿಲ್ಲುತ್ತಿದ್ದರು. ಇವರು ಹಿಂದೆ ಕಂಬಕ್ಕೆ ಒರಗಿ, ನಿಂತವರನ್ನೇ ನೋಡುತ್ತಿದ್ದರು. ಅಷ್ಟು ತೃಪ್ತಿ ಇವರ ಮುಖದಲ್ಲಿ ನಾನು ಹಿಂದೆ ಎಂದೂ ಕಂಡಿರಲಿಲ್ಲ.

ಶಿವರಾಜರೂ ಬಂದರು. ಬಿಳಿ ಅಂಗಿಯ, ಮೆಲುಮಾತಿನ ಮನುಷ್ಯ. ಹೊಸದನ್ನೂ ಹಳೆಯದನ್ನೂ ತಿರುತಿರುಗಿ ನೋಡಿ, ವಿಶಾಲಮ್ಮನಿಗೆ ಕೈ ಮುಗಿದು ಕೇಳಿದರು. "ತಾಯಾರ, ಇದನ್ನ ಕೊಡ್ತೀರೇನ್ರಿ? ಮೂರು ಲಕ್ಷ ಕೊಡ್ತೀನಿ."

ವಿಶಾಲಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದರು.

"ಇದು ವಾಣ ಕಣಪ್ಪ. ದುಡ್ಡಿಗೆ ಬರಲ್ಲ. ಬೇಕಿದ್ರೆ ಮುಂದಿನ ಸಂಕ್ರಾಂತಿಗೆ ನಿನ್ನ ಹೆಂಡ್ತೀನ ಅರಿಶಿನ-ಕುಂಕುಮಕ್ಕೆ ಕಳ್ಸು. ನನಗೆ ಮನಸ್ಸು ಬಂದ್ರೆ ನೋಡ್ತೀನಿ."

ಹೆಂಗಸರ ಗುಂಪು ಗೊಳ್ಳೆಂದು ನಕ್ಕಿತು. ಶಿವರಾಜರೂ ನಕ್ಕರು. ಕೇತಕಿಯ ಹತ್ತಿರ ಹೋಗಿ, ಹೊಸದರಲ್ಲಿ ಮೊದಲನೆಯದನ್ನು ಅರವತ್ತು ಸಾವಿರಕ್ಕೆ ತಮ್ಮ ಹೆಸರಿಗೆ ಬರೆಸಿದರು. ಮಾರಾಟವಾಯಿತು ಎನ್ನುವ ಗುರುತಿಗೆ ಅದರ ಪಕ್ಕ ಕೆಂಪು ಚುಕ್ಕಿ ಅಂಟಿಸಿದ್ದನ್ನು ನೋಡಿ ಮಂಜರಿ ಚಪ್ಪಾಳೆ ತಟ್ಟಿದಳು. ಆಮೇಲೆ ಕೇತಕಿ ಅವರನ್ನು ನನ್ನ ಹತ್ತಿರ ಕರೆತಂದು, ಇವರದೇ ಕೈ ಎಂದು ಗುರುತು ಹೇಳಿದಳು.

"ಬಾಯಾರ, ಊರಿಗೆಲ್ಲಾ ಹಂಚೀರಿ," ಎಂದರು ಶಿವರಾಜರು. "ನಿಮಗಂತ ಒಂದರೆ ಇಟ್ಕೊಂಡೀರೋ ಇಲ್ಲೋ?"

ಆ ಮಾತು ಕೇಳಿದ ಮೇಲೆಯೇ ನನಗೆ ಹೊಳೆದದ್ದು. ಇಪ್ಪತ್ತೆರಡಕ್ಕೆ ಇಪ್ಪತ್ತೆರಡೂ ಕೊಟ್ಟುಬಿಟ್ಟಿದ್ದೆ. ನಮ್ಮ ಮನೆಯ ಗೋಡೆಯ ಮೇಲೆ ಕ್ಯಾಲೆಂಡರು ಬಿಟ್ಟರೆ ಏನೂ ಇಲ್ಲ. ಇವರು ಕಂಬ ಬಿಟ್ಟು ಹತ್ತಿರ ಬಂದಿದ್ದರು, ನಾನು ಏನು ಹೇಳುತ್ತೇನೋ ಎಂದು ನೋಡುತ್ತಿದ್ದರು.

"ನಮಗ್ಯಾತಕ್ರಿ ಫೋಟೋ?" ಎಂದೆ. "ಕೈ ನಮ್ಮ ಮನ್ಯಾಗ ಅದ."

ಇವರು ಅಷ್ಟು ಜನರ ಎದುರಿಗೆ ನನ್ನ ಬಲಗೈ ಹಿಡಿದುಕೊಂಡರು. ಬೈಯಬೇಕೆಂದು ಬಾಯಿ ತೆರೆದೆ, ಬೈಯಲಿಲ್ಲ.